ಕಾರ್ಡು ಬಂತು, ದುಡ್ಡು ಯಾವಾಗ?

ಶಾಲೆ ಶುರುವಾಗಿ ಎರಡು ವಾರ ಆಗಿತ್ತು. ಒಬ್ಬ ತಾಯಿ ಮಗನ ಕೈ ಹಿಡಿದುಕೊಂಡು ನಮ್ಮ ಬಿಆರ್‌ಸಿಗೆ, ಅಂದರೆ ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ, ಬಂದರು. ಜವಳಿ ಅಂಗಡಿಯ ಚೀಲದೊಳಗಿಂದ ಇನ್ನೊಂದು ಚೀಲ, ಅದರೊಳಗಿಂದ ಒಂದು ಪರ್ಸು, ಪರ್ಸಿನೊಳಗಿಂದ ಹಳದಿ ಪಟ್ಟಿಯ ಒಂದು ಅಂಗವೈಕಲ್ಯದ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು.

"ಮೇಷ್ಟ್ರೇ, ಇದು ಬಂದು ಎಂಟು ತಿಂಗಳಾಯ್ತು. ಒಂದು ರೂಪಾಯಿನೂ ಬಂದಿಲ್ಲ. ನಡುವೆ ಯಾರೋ ತಿಂತಾ ಇದಾರೆ ಅಂತಾರೆ ಊರಲ್ಲಿ."

ಯಾರೂ ತಿನ್ನುತ್ತಿರಲಿಲ್ಲ. ಅವರು ಮಾಸಾಶನಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ಕಾರ್ಡು ಬಂದರೆ ದುಡ್ಡೂ ತಾನಾಗಿ ಬರುತ್ತದೆ ಎಂದು ತಿಳಿದಿದ್ದರು. ತಪ್ಪು ಅವರದಲ್ಲ. ಜಿಲ್ಲಾಸ್ಪತ್ರೆಗೆ ಮೂರು ಸಲ ಅಲೆದು, ಒಂದೊಂದು ಸಲವೂ ಒಂದು ದಿನದ ಕೂಲಿ ಬಿಟ್ಟು ಪಡೆದ ಕಾರ್ಡು ಅದು. ಅಷ್ಟು ಕಷ್ಟಪಟ್ಟ ಮೇಲೂ ಅದು ಬರೀ ಮೊದಲ ಮೆಟ್ಟಿಲು ಎಂದರೆ ಯಾರಿಗೆ ತಾನೆ ನಂಬಿಕೆ ಬಂದೀತು?

ವಿಶೇಷ ಅಗತ್ಯವುಳ್ಳ ಮಕ್ಕಳ ಸಂಪನ್ಮೂಲ ಶಿಕ್ಷಕನಾಗಿ ಹಲವು ವರ್ಷ ಇದೇ ಮೇಜಿನ ಹಿಂದೆ ಕೂತಿದ್ದೇನೆ. ಮಕ್ಕಳಿಗೆ ಕಲಿಸಿದಷ್ಟೇ ಹೊತ್ತು ದೊಡ್ಡವರಿಗೆ ಕಾಗದ ಓದುವುದನ್ನು ಕಲಿಸಿದ್ದೇನೆ. ಈ ದಾರಿಗೆ ಹೊಸಬರಾದವರಿಗೆ, ಅಂದರೆ ಮಗುವಿಗೆ ಈಗಷ್ಟೇ ಏನೋ ತೊಂದರೆ ಇದೆ ಎಂದು ಗೊತ್ತಾದ ಅಪ್ಪ ಅಮ್ಮನಿಗೆ, ಅಪಘಾತದಲ್ಲಿ ಕಾಲು ಕಳೆದುಕೊಂಡ ಅಣ್ಣನ ಜೊತೆ ಓಡಾಡುತ್ತಿರುವ ತಮ್ಮನಿಗೆ, ಮೇಜಿನ ಮುಂದೆ ಕೂರಿಸಿಕೊಂಡು ಹೇಳುವ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅರ್ಹತೆ ಎಂಬುದು ಒಂದು ಪ್ರಶ್ನೆಯಲ್ಲ. ಮೂರು ಪ್ರಶ್ನೆಗಳನ್ನು ಬೇರೆ ಬೇರೆ ಜನ ಬೇರೆ ಬೇರೆ ದಿನ ಕೇಳುತ್ತಾರೆ. ಇವರಿಗಿರುವ ತೊಂದರೆ ಕಾನೂನು ಒಪ್ಪುವ ಅಂಗವೈಕಲ್ಯವೇ? ಹೌದಾದರೆ ಎಷ್ಟು? ಇವೆರಡನ್ನು ಕೇಳುವವರು ವೈದ್ಯರು. ಮೂರನೆಯದು, ಈ ಒಂದು ಯೋಜನೆ ಇವರಿಗೆ ಸಲ್ಲುತ್ತದೆಯೇ? ಇದನ್ನು ಕೇಳುವವರು ತಹಶೀಲ್ದಾರರ ಕಚೇರಿಯವರೋ, ಬಸ್ ನಿಗಮದವರೋ, ರೈಲ್ವೆಯವರೋ ಆಗಿರುತ್ತಾರೆ. ಮೊದಲೆರಡಕ್ಕೆ ಉತ್ತರ ನಿಮ್ಮ ಕೈಯಲ್ಲಿರುವ ಕಾರ್ಡು. ಮೂರನೆಯದಕ್ಕೆ ಪ್ರತಿ ಬಾಗಿಲಲ್ಲೂ ಹೊಸದಾಗಿ ಉತ್ತರ ಕೊಡಬೇಕು. ಆ ತಾಯಿ ಮೊದಲೆರಡು ಪ್ರಶ್ನೆ ದಾಟಿ ಮೂರನೆಯದರ ಹೊಸ್ತಿಲಲ್ಲಿ ಎಂಟು ತಿಂಗಳು ಕಾದು ಕೂತಿದ್ದರು.

ಮೊದಲ ಪ್ರಶ್ನೆ ಈಗ ಹಿಂದಿಗಿಂತ ಸುಲಭವಾಗಿದೆ. 1995ರ ಕಾಯ್ದೆಯಲ್ಲಿ ಇದ್ದದ್ದು ಏಳೇ ಬಗೆಯ ಅಂಗವೈಕಲ್ಯ. ಅದರ ಜಾಗಕ್ಕೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ, ಅದರ ಪಟ್ಟಿಯಲ್ಲಿ 21 ಬಗೆ ಇವೆ. ಕಣ್ಣು, ಕಿವಿ, ಕೈಕಾಲು ಎಲ್ಲರಿಗೂ ಗೊತ್ತು. ಆಟಿಸಂ, ಕಲಿಕಾ ನ್ಯೂನತೆ, ಮಾತು ಮತ್ತು ಭಾಷೆಯ ತೊಂದರೆ, ಸ್ನಾಯು ಕ್ಷೀಣತೆ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಥಲಸ್ಸೇಮಿಯಾ, ಹಿಮೊಫಿಲಿಯಾ, ಸಿಕಲ್ ಸೆಲ್ ಕಾಯಿಲೆ ಇವೂ ಅದರಲ್ಲಿವೆ ಎಂದರೆ ಬಹಳ ಮಂದಿ ಹುಬ್ಬೇರಿಸುತ್ತಾರೆ. ಆಸಿಡ್ ದಾಳಿಗೆ ಒಳಗಾದವರೂ ಇದ್ದಾರೆ. ದೊಡ್ಡವರಾದ ಮೇಲೂ ಎತ್ತರ 4 ಅಡಿ 10 ಅಂಗುಲ, ಅಂದರೆ 147 ಸೆಂಟಿಮೀಟರು, ಅಥವಾ ಅದಕ್ಕಿಂತ ಕಡಿಮೆ ಇರುವ ಕುಬ್ಜತೆಯವರೂ ಇದ್ದಾರೆ. "ಹೊರಗೆ ಏನೂ ಕಾಣಲ್ವಲ್ಲ ಸಾರ್, ಇದಕ್ಕೆಲ್ಲ ಕೊಡ್ತಾರಾ?" ಎಂದು ಕೇಳುವವರಿಗೆ ನಾನು ಮೊದಲು ಈ ಪಟ್ಟಿಯನ್ನೇ ತೋರಿಸುವುದು.

ಎರಡನೆಯ ಪ್ರಶ್ನೆಯಲ್ಲೇ ಎಲ್ಲ ಗೊಂದಲ ಇರುವುದು. ಸ್ವಲ್ಪ ನಿಂತು ನೋಡೋಣ.

ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ಬಾಯಲ್ಲೂ "ಪರ್ಸೆಂಟೇಜ್ ಎಷ್ಟು ಕೊಟ್ರು?" ಎಂಬ ಮಾತೇ. ಶೇ 40 ದಾಟಿತೋ ಇಲ್ಲವೋ ಎಂಬುದೇ ಪಾಸು ಫೇಲಿನ ಗೆರೆ. ಕಾನೂನು ಇದನ್ನು ಮಾನದಂಡದ ಅಂಗವೈಕಲ್ಯ ಎಂದು ಕರೆಯುತ್ತದೆ, ಮೀಸಲಾತಿಯೂ ಬಹುಪಾಲು ಸೌಲಭ್ಯಗಳೂ ಈ ಗೆರೆಯಿಂದ ಮೇಲಕ್ಕೆ. ಆದರೆ ಈ ಸಂಖ್ಯೆ ನಿಮ್ಮ ಕಷ್ಟದ ಅಳತೆಯಲ್ಲ. ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ, 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಕೋಷ್ಟಕಗಳಿವೆ. ವೈದ್ಯರು ನಿಮ್ಮನ್ನು ಪರೀಕ್ಷಿಸಿ ಆ ಕೋಷ್ಟಕದಲ್ಲಿ ನಿಮ್ಮ ಮನೆ ಯಾವುದು ಎಂದು ಹುಡುಕುತ್ತಾರೆ. ಕರುಣೆ ಬಂದರೆ ಹೆಚ್ಚು, ಬಾರದಿದ್ದರೆ ಕಡಿಮೆ ಎಂಬುದು ಅಲ್ಲಿ ಇಲ್ಲ, ಇರಬಾರದು.

ಕಲ್ಲು ಒಡೆಯುವಾಗ ಚೂರು ಹಾರಿ ಒಂದು ಕಣ್ಣು ಪೂರ್ತಿ ಹೋದವರು ನನ್ನ ಹತ್ತಿರ ಎಷ್ಟೋ ಜನ ಬಂದಿದ್ದಾರೆ. "ಅರ್ಧ ದೃಷ್ಟಿ ಹೋಯ್ತಲ್ಲ, ಐವತ್ತು ಕೊಡಬೇಕಿತ್ತು" ಎಂಬುದು ಅವರ ಲೆಕ್ಕ. 2018ರ ಕೋಷ್ಟಕದ ಲೆಕ್ಕ ಬೇರೆ. ಇನ್ನೊಂದು ಕಣ್ಣು ಚೆನ್ನಾಗಿದ್ದರೆ ಅದು ಶೇ 30. ಕಿವಿಯ ಲೆಕ್ಕ ಇನ್ನೂ ಬಿಗಿ. ಚೆನ್ನಾಗಿರುವ ಕಿವಿಯ ನಷ್ಟವನ್ನು ಐದರಿಂದ ಗುಣಿಸಿ, ಕೆಟ್ಟ ಕಿವಿಯ ನಷ್ಟ ಕೂಡಿಸಿ, ಆರರಿಂದ ಭಾಗಿಸುತ್ತಾರೆ. ಒಂದು ಕಿವಿ ಪೂರ್ತಿ ಕೇಳದೆ ಇನ್ನೊಂದು ಸರಿಯಾಗಿದ್ದರೆ ಬರುವುದು ನೂರರ ಆರನೆಯ ಒಂದು ಪಾಲು, ಸುಮಾರು ಶೇ 17. ಗದ್ದೆಯ ಕೆಸರಿನಲ್ಲಿ ನಿಂತು ಕೆಲಸ ಮಾಡುವವನಿಗೆ ಒಂದು ಪಾದದ ಬೆರಳುಗಳೆಲ್ಲ ಹೋದರೆ ನಿಲ್ಲುವುದೇ ಕಷ್ಟ. ಕೋಷ್ಟಕದ ಪ್ರಕಾರ ಅದು ಶೇ 20. ಕೋಷ್ಟಕಕ್ಕೆ ಗದ್ದೆ ಗೊತ್ತಿಲ್ಲ. ಗುಮಾಸ್ತನ ಪಾದವೂ ರೈತನ ಪಾದವೂ ಅದಕ್ಕೆ ಒಂದೇ. ಇದು ನ್ಯಾಯವೇ ಎಂದು ನೀವು ಕೇಳಿದರೆ ಪೂರ್ತಿ ನ್ಯಾಯವಲ್ಲ ಎಂದೇ ಹೇಳುತ್ತೇನೆ. ಆದರೆ ಅದರ ಜಗಳವನ್ನು ಎದುರಿಗೆ ಕೂತ ವೈದ್ಯರ ಜೊತೆ ಆಡಿ ಪ್ರಯೋಜನವಿಲ್ಲ.

ಎರಡು ಕಡೆ ತೊಂದರೆ ಇದ್ದರೆ ಏನು ಮಾಡುತ್ತಾರೆ? ಇಲ್ಲಿ ನನ್ನೊಳಗಿನ ಗಣಿತದ ಮೇಷ್ಟ್ರು ಎದ್ದು ಕೂರುತ್ತಾನೆ, ಕ್ಷಮಿಸಿ. ಕಾಲಿಗೆ 30, ಕೈಗೆ 20 ಎಂದು ಬಂದಿದೆ ಎನ್ನಿ. ಕೂಡಿಸಿ 50 ಎನ್ನುವಂತಿಲ್ಲ. ದೊಡ್ಡ ಸಂಖ್ಯೆಯನ್ನು 90ರಿಂದ ಕಳೆಯಿರಿ, 60 ಉಳಿಯಿತು. ಅದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, 1200. ಅದನ್ನು 90ರಿಂದ ಭಾಗಿಸಿದರೆ 13.3. ಇದನ್ನು ದೊಡ್ಡ ಸಂಖ್ಯೆಗೆ ಸೇರಿಸಿ, 43.3. ಕಾಲೊಂದನ್ನೇ ತೋರಿಸಿ ಬಂದಿದ್ದರೆ 30ಕ್ಕೆ ನಿಂತು ಹೋಗುತ್ತಿತ್ತು, ಕೈಯನ್ನೂ ತೋರಿಸಿದ್ದರಿಂದ ಗೆರೆ ದಾಟಿತು. ಪೋಲಿಯೋ ಆದ ಕಾಲಿನ ಬಗ್ಗೆಯೇ ಜೀವಮಾನವಿಡೀ ಮಾತಾಡಿ, ಕೈಯಲ್ಲೂ ಬಲ ಕಡಿಮೆ ಇರುವುದನ್ನು ಹೇಳಲು ಮರೆತವರನ್ನು ಕಂಡಿದ್ದೇನೆ. ಇರುವುದನ್ನೆಲ್ಲ ತೋರಿಸಿ. ಇದೇ ಸೂತ್ರದ ಇನ್ನೊಂದು ಮುಖವೂ ಇದೆ. 50 ಮತ್ತು 50 ಸೇರಿದರೆ ನೂರಾಗುವುದಿಲ್ಲ, 72.2 ಆಗುತ್ತದೆ. ಈ ಸಂಖ್ಯೆ ನೆನಪಿರಲಿ, ಮುಂದೆ ಮಾಸಾಶನದ ಮಾತು ಬಂದಾಗ ಬೇಕಾಗುತ್ತದೆ.

ಅಳತೆಪಟ್ಟಿ ಹಿಡಿಯಲಾಗದ ತೊಂದರೆಗಳಿಗೆ ಪ್ರಶ್ನಾವಳಿಗಳಿವೆ. ಬೌದ್ಧಿಕ ಅಂಗವೈಕಲ್ಯಕ್ಕೆ ಬುದ್ಧಿಲಬ್ಧದ ಜೊತೆಗೆ ಮಗು ದಿನನಿತ್ಯದಲ್ಲಿ ಏನೇನು ತಾನೇ ಮಾಡಿಕೊಳ್ಳುತ್ತದೆ ಎಂದು ಅಳೆಯುತ್ತಾರೆ. ಆಟಿಸಂಗೆ ನಮ್ಮ ದೇಶದ್ದೇ ಒಂದು ಮಾಪನವಿದೆ. ಕಲಿಕಾ ನ್ಯೂನತೆಗೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಗಳನ್ನೇ ಇಡೀ ದೇಶಕ್ಕೆ ಗೊತ್ತುಮಾಡಿದ್ದಾರೆ, ಆದರೆ ಮಗುವಿಗೆ ಎಂಟು ವರ್ಷ ತುಂಬಿರಬೇಕು. ಮಾನಸಿಕ ಕಾಯಿಲೆಗೆ ಬಳಸುವ ಐಡಿಯಾಸ್ ಎಂಬ ಮಾಪನ ಕಾಯಿಲೆಯ ಹೆಸರಿಗಿಂತ ಹೆಚ್ಚಾಗಿ ನಾಲ್ಕು ವಿಷಯ ಕೇಳುತ್ತದೆ: ಸ್ನಾನ, ಊಟ, ಬಟ್ಟೆಯಂಥ ತನ್ನ ಆರೈಕೆ, ಜನರ ಜೊತೆಗಿನ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ. ಜೊತೆಗೆ ಎಷ್ಟು ವರ್ಷದಿಂದ ಹೀಗಿದೆ ಎಂಬುದು.

ಈ ಪ್ರಶ್ನೆಗಳ ಮುಂದೆ ನಮ್ಮ ಜನ ಎಡವುವ ಬಗೆ ವಿಚಿತ್ರ. ಸುಳ್ಳು ಹೇಳಿ ಎಡವುವುದಿಲ್ಲ, ಮರ್ಯಾದೆಗೆ ಅಂಜಿ ಎಡವುತ್ತಾರೆ. ಆಸ್ಪತ್ರೆಗೆ ಹೋಗುವ ದಿನ ಮಗನಿಗೆ ತಲೆ ಬಾಚಿ, ಹಬ್ಬದ ಅಂಗಿ ಹಾಕಿ, ದಾರಿಯುದ್ದಕ್ಕೂ "ಡಾಕ್ಟರು ಕೇಳಿದರೆ ಹೆಸರು ಹೇಳು, ನಮಸ್ಕಾರ ಮಾಡು" ಎಂದು ಹೇಳಿಕೊಟ್ಟು ಕರೆದೊಯ್ಯುತ್ತಾರೆ. "ತಾನೇ ಊಟ ಮಾಡ್ತಾನಾ?" ಎಂದರೆ "ಮಾಡ್ತಾನೆ ಸಾರ್" ಎನ್ನುತ್ತಾರೆ. ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತಟ್ಟೆ ಮುಂದಿಟ್ಟು, ಪಕ್ಕದಲ್ಲೇ ಕೂತು ತುತ್ತು ತುತ್ತಿಗೂ ನೆನಪಿಸಬೇಕು ಎಂಬುದನ್ನು ಹೇಳುವುದಿಲ್ಲ. ತಾಯಿಗೆ ಅದು ಕೆಲಸ ಅನ್ನಿಸಿಯೇ ಇಲ್ಲ. ಸೊಸೆಗೆ ಮಾನಸಿಕ ಕಾಯಿಲೆ ಇದ್ದರೆ ಅತ್ತೆ "ಮನೆಗೆಲಸ ಎಲ್ಲ ಮಾಡ್ತಾಳೆ" ಎನ್ನುತ್ತಾರೆ, ಊರಿಗೆ ಸುದ್ದಿ ಹೋದೀತೆಂಬ ಭಯದಲ್ಲಿ. ವೈದ್ಯರು ಬರೆದುಕೊಳ್ಳುವುದು ಹೇಳಿದ್ದನ್ನೇ ತಾನೆ.

ಹಾಗಾಗಿ ಆಸ್ಪತ್ರೆಗೆ ಹೋಗುವ ಮೊದಲು ಒಂದು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ ಎನ್ನುತ್ತೇನೆ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಯಾವ ಯಾವ ಕೆಲಸಕ್ಕೆ ನಿಮ್ಮ ಕೈ ಬೇಕಾಯಿತು? ಒಬ್ಬನೇ ಅಂಗಡಿಗೆ ಹೋಗಿ ಚಿಲ್ಲರೆ ತರುತ್ತಾನಾ? ರಾತ್ರಿ ಎಷ್ಟು ಸಲ ಎದ್ದಿರಿ? ಹೆಚ್ಚು ಮಾಡಿ ಬರೆಯಬೇಡಿ, ಕಡಿಮೆಯನ್ನೂ ಬರೆಯಬೇಡಿ. ಅಕ್ಷರ ಬಾರದವರಿಗೆ ಮನೆಯ ದೊಡ್ಡ ಮಗಳು ಬರೆದುಕೊಟ್ಟದ್ದಿದೆ. ಆ ನೋಟ್‌ಬುಕ್ ನೋಡಿ "ಇಷ್ಟೆಲ್ಲ ಮಾಡ್ತಾ ಇದೀನಾ ನಾನು?" ಎಂದು ಆಶ್ಚರ್ಯಪಟ್ಟ ತಾಯಂದಿರೂ ಇದ್ದಾರೆ.

ಅರ್ಜಿಯ ದಾರಿಯನ್ನು ಬೇಗ ಮುಗಿಸುತ್ತೇನೆ. ಈಗ ಪ್ರಮಾಣಪತ್ರಕ್ಕೂ ಯುಡಿಐಡಿ, ಅಂದರೆ ವಿಶಿಷ್ಟ ಗುರುತಿನ, ಕಾರ್ಡಿಗೂ ಒಂದೇ ಅರ್ಜಿ, ಕೇಂದ್ರದ ಸ್ವಾವಲಂಬನ್ ಕಾರ್ಡ್ ಜಾಲತಾಣದಲ್ಲಿ. ಆಧಾರ್, ಫೋಟೊ, ವಿಳಾಸದ ದಾಖಲೆ ಬೇಕು. ನೀವು ವಾಸವಿರುವ ಜಿಲ್ಲೆಯ ಆಸ್ಪತ್ರೆಯನ್ನು ಆರಿಸಿಕೊಳ್ಳಬಹುದು, ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಯನ್ನೂ ಆರಿಸಬಹುದು. ಮೊಬೈಲು, ಕಂಪ್ಯೂಟರಿನ ಗೊಡವೆ ಬೇಡ ಎನ್ನುವವರು ಗ್ರಾಮ ಪಂಚಾಯಿತಿಗೆ ಹೋಗಿ ವಿಆರ್‌ಡಬ್ಲ್ಯು ಯಾರು ಎಂದು ಕೇಳಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂದರೆ ಅವರೇ. ತಾಲ್ಲೂಕಿಗೆ ಒಬ್ಬರು ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಇರುತ್ತಾರೆ. ಇವರಲ್ಲಿ ಹೆಚ್ಚಿನವರು ತಾವೂ ವಿಕಲಚೇತನರೇ, ಆದ್ದರಿಂದ ಯಾವ ಕಾಗದ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದು ಅವರಿಗೆ ಸ್ವಂತ ಅನುಭವದಿಂದ ಗೊತ್ತು. ನನ್ನ ಮಾತಿಗಿಂತ ಅವರ ಮಾತು ಮೇಲು.

2024ರ ತಿದ್ದುಪಡಿಯ ನಂತರ ವೈದ್ಯಕೀಯ ಪ್ರಾಧಿಕಾರಕ್ಕೆ ಪ್ರಮಾಣಪತ್ರ ಕೊಡಲು ಮೂರು ತಿಂಗಳ ಅವಧಿ ಇದೆ, ಮೊದಲು ಒಂದು ತಿಂಗಳಿತ್ತು. ಕಾರ್ಡಿನ ಬಣ್ಣ ನೋಡಿದರೆ ಸ್ಥಿತಿ ಗೊತ್ತಾಗುತ್ತದೆ. ಶೇ 40ಕ್ಕಿಂತ ಕಡಿಮೆಯವರಿಗೆ ಬಿಳಿ, 40ರಿಂದ 80ರೊಳಗಿನವರಿಗೆ ಹಳದಿ, 80 ಮತ್ತು ಮೇಲ್ಪಟ್ಟವರಿಗೆ ನೀಲಿ. ನಿಮಗೆ ಕೊಟ್ಟ ಸಂಖ್ಯೆ ಸರಿಯಿಲ್ಲ ಅನ್ನಿಸಿದರೆ 90 ದಿನದೊಳಗೆ ಮೇಲ್ಮನವಿ ಹಾಕಬಹುದು. ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕೆಂಬುದು ನಿಯಮ. "ಇಲ್ಲ ಅಂದ್ರು ಸಾರ್" ಎಂದು ಬರಿಗೈಲಿ ಬರುವವರಿಗೆ ನಾನು ಯಾವಾಗಲೂ ಹೇಳುವುದು, ಇಲ್ಲ ಎಂಬುದನ್ನೂ ಕಾಗದದ ಮೇಲೆ ಇಸಿದುಕೊಳ್ಳಿ.

ಇಂತಿಷ್ಟು ಕೊಟ್ಟರೆ 80 ಪರ್ಸೆಂಟ್ ಮಾಡಿಸಿಕೊಡುತ್ತೇನೆ ಎನ್ನುವವರು ಆಸ್ಪತ್ರೆಯ ಗೇಟಿನ ಹತ್ತಿರ ಸಿಗಬಹುದು. ವಿಕಲಚೇತನರ ಸೌಲಭ್ಯವನ್ನು ಮೋಸದಿಂದ ಪಡೆದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಶಿಕ್ಷೆ ಆಗುವುದು ಕಾರ್ಡಿನ ಮೇಲೆ ಹೆಸರಿರುವವರಿಗೆ, ಗೇಟಿನ ಹತ್ತಿರ ನಿಂತವನು ಅಷ್ಟರಲ್ಲಿ ಬೇರೆ ಊರಿನ ಗೇಟಿನಲ್ಲಿರುತ್ತಾನೆ.

ಈಗ ಮೂರನೆಯ ಪ್ರಶ್ನೆಗೆ ಬರೋಣ. ಮೊದಲು ಎಲ್ಲರೂ ಕೇಳುವ ಮಾಸಾಶನ.

ಕರ್ನಾಟಕದಲ್ಲಿ ಇದು ಕಂದಾಯ ಇಲಾಖೆಯ ಸಾಮಾಜಿಕ ಭದ್ರತೆ ಮತ್ತು ಪಿಂಚಣಿ ನಿರ್ದೇಶನಾಲಯದ ಕೆಲಸ. ಅರ್ಜಿ ಹಾಕಬೇಕಾದ್ದು ಆಸ್ಪತ್ರೆಯಲ್ಲೂ ಅಲ್ಲ, ಶಾಲೆಯಲ್ಲೂ ಅಲ್ಲ, ಹೋಬಳಿಯ ನಾಡಕಚೇರಿಯಲ್ಲಿ. ಗ್ರಾಮ ಆಡಳಿತ ಅಧಿಕಾರಿ, ಅಂದರೆ ನಮ್ಮ ಬಾಯಿಯ ವಿಎ, ಮನೆಗೆ ಬಂದು ವಿಚಾರಿಸಿ ವರದಿ ಕೊಡುತ್ತಾರೆ. ನಂತರ ಮಂಜೂರಾತಿ ಆದೇಶ. ಅಂಗವೈಕಲ್ಯ ಶೇ 40 ಇರಬೇಕು, ಕರ್ನಾಟಕದ ನಿವಾಸಿಯಾಗಿರಬೇಕು, ಕುಟುಂಬದ ವರ್ಷದ ಆದಾಯ 32 ಸಾವಿರ ರೂಪಾಯಿ ಮೀರಬಾರದು, ಬೇರೆ ಸಾಮಾಜಿಕ ಭದ್ರತಾ ಪಿಂಚಣಿ ಬರುತ್ತಿರಬಾರದು. ವಯಸ್ಸಿನ ಮಿತಿ ಇಲ್ಲ, ಮಕ್ಕಳಿಗೂ ಉಂಟು. ಶೇ 40ರಿಂದ 74ರವರೆಗೆ ತಿಂಗಳಿಗೆ 800 ರೂಪಾಯಿ. 2021ರ ಜುಲೈನಲ್ಲಿ ಇದನ್ನು 600ರಿಂದ ಏರಿಸಲಾಯಿತು. ಶೇ 75 ಮತ್ತು ಮೇಲ್ಪಟ್ಟರೆ 1,400. ಆಗ ಹೇಳಿದ 72.2 ನೆನಪಿದೆಯೇ? ಎರಡೆರಡು ಐವತ್ತು ಇದ್ದವರು 75ರ ಗೆರೆಗೆ ಮೂರು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಆ ಮೂರು ಹೆಜ್ಜೆಗೆ ತಿಂಗಳಿಗೆ 600 ರೂಪಾಯಿ.

ಆದಾಯದ ಮಿತಿಯ ಬಗ್ಗೆ ನನಗೊಂದು ಸಿಟ್ಟಿದೆ, ಹೇಳಿಯೇ ಬಿಡುತ್ತೇನೆ. 2025ರ ಏಪ್ರಿಲ್‌ನಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತರಿಯ ಕೂಲಿ ದಿನಕ್ಕೆ 370 ರೂಪಾಯಿ ಆಯಿತು. ಒಂದು ಮನೆಯವರು ನೂರು ದಿನ ಪೂರ್ತಿ ದುಡಿದರೆ 37 ಸಾವಿರ. ಸರ್ಕಾರ ಬಡವರಿಗೆಂದೇ ಕೊಡುವ ಕೂಲಿಯನ್ನು ಪೂರ್ತಿ ದುಡಿದ ಮನೆ, ಸರ್ಕಾರದ ಇನ್ನೊಂದು ಲೆಕ್ಕದಲ್ಲಿ ಬಡಮನೆಯಲ್ಲ! ಇನ್ನೊಂದು ಸಂಗತಿ. ಸಾಮಾಜಿಕ ಭದ್ರತೆಯ ನೆರವು ಇತರರ ಅಂಥದೇ ಯೋಜನೆಗಳಿಗಿಂತ ವಿಕಲಚೇತನರಿಗೆ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎಂದು 2016ರ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ಹಿರಿಯರಿಗೆ ಕೊಡುವ ಸಂಧ್ಯಾ ಸುರಕ್ಷೆಯನ್ನು ಅದೇ 2021ರ ಜುಲೈನಲ್ಲಿ 1,200ಕ್ಕೆ ಏರಿಸಿದರು. ಅದರ ಮೇಲೆ ಕಾಲು ಭಾಗ ಸೇರಿಸಿದರೆ 1,500. 800 ಎಲ್ಲಿ, 1,400 ಎಲ್ಲಿ, ನೀವೇ ನೋಡಿ.

ಸಿಟ್ಟು ಅಲ್ಲಿಗಿರಲಿ. ನಾಡಕಚೇರಿಗೆ ಹೋಗುವ ಮುನ್ನ ಮನೆಯಲ್ಲಿರುವ ಹಳೆಯ ಆದಾಯ ಪ್ರಮಾಣಪತ್ರ ತೆಗೆದು ನೋಡಿ. ಅಕ್ಕನ ಹಾಸ್ಟೆಲ್ ಸೀಟಿಗೆಂದು ಯಾವಾಗಲೋ ಮಾಡಿಸಿದ್ದರಲ್ಲಿ ಏನು ಬರೆದಿದೆ ಎಂಬುದು ಮುಖ್ಯ, ಕಂಪ್ಯೂಟರಿನಲ್ಲಿ ಅದೇ ಕೂತಿರುತ್ತದೆ. ದುಡ್ಡು ಆಧಾರ್ ಜೋಡಿಸಿದ ಬ್ಯಾಂಕ್ ಅಥವಾ ಅಂಚೆ ಖಾತೆಗೆ ನೇರ ಬರುತ್ತದೆ. ಮನೆಯಲ್ಲಿ ಎರಡು ಮೂರು ಖಾತೆ ಇದ್ದರೆ ಯಾವುದಕ್ಕೆ ಆಧಾರ್ ಜೋಡಣೆ ಆಗಿದೆ ಎಂದು ಮೊದಲೇ ತಿಳಿದುಕೊಳ್ಳಿ. "ಬಂದಿಲ್ಲ" ಎಂದು ಬಂದವರ ದುಡ್ಡು, ಯಾವಾಗಲೋ ತೆರೆದು ಮರೆತ ಇನ್ನೊಂದು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ತಣ್ಣಗೆ ಮಲಗಿದ್ದುದನ್ನು ಕಂಡಿದ್ದೇನೆ.

ಒಬ್ಬರಿಗೆ ಒಂದೇ ಪಿಂಚಣಿ ಎಂದೆನಲ್ಲ. ವಿಧವಾ ವೇತನ 800 ಬರುತ್ತಿರುವ ಹೆಣ್ಣುಮಗಳಿಗೆ ಶೇ 75ರ ಮೇಲಿನ ಅಂಗವೈಕಲ್ಯ ಇದ್ದರೆ ಅದನ್ನು ಬಿಟ್ಟು ಇದನ್ನು ಪಡೆಯುವುದು ಲೇಸು. ಎರಡಕ್ಕೂ ಅರ್ಹತೆ ಇರುವವರು ಯಾವುದು ದೊಡ್ಡದು ಎಂದು ಲೆಕ್ಕ ಹಾಕಿ ಅರ್ಜಿ ಕೊಡಿ.

ಕೇಂದ್ರದ್ದೂ ಒಂದು ಇದೆ, ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ. 2009ರಲ್ಲಿ ಶುರುವಾದದ್ದು. ಬಡತನ ರೇಖೆಗಿಂತ ಕೆಳಗಿನ ಕುಟುಂಬದ, 18ರಿಂದ 79 ವರ್ಷದ, ಶೇ 80ರಷ್ಟು ತೀವ್ರ ಅಥವಾ ಬಹುವಿಧ ಅಂಗವೈಕಲ್ಯ ಇರುವವರಿಗೆ ತಿಂಗಳಿಗೆ 300 ರೂಪಾಯಿ ಕೇಂದ್ರದ ಪಾಲು. ಹೊಸಬರು ಇದನ್ನು ಬೇರೆ ಪಿಂಚಣಿ ಎಂದು ಬೆನ್ನಟ್ಟಬೇಕಿಲ್ಲ, ಅರ್ಜಿ ಹೋಗುವುದು ಅದೇ ಕಂದಾಯ ಇಲಾಖೆಯ ಮೂಲಕ.

ಪ್ರತಿ ಬಾಗಿಲಿಗೂ ಬೇರೆ ಬೀಗ. ಬಸ್ಸನ್ನೇ ನೋಡಿ. ಶೇ 40 ಇದ್ದರೆ ವರ್ಷಕ್ಕೆ 660 ರೂಪಾಯಿ ಕಟ್ಟಿ ವಾಸಸ್ಥಳದಿಂದ 100 ಕಿಲೋಮೀಟರಿನವರೆಗೆ ಓಡಾಡುವ ಪಾಸು ಸಿಗುತ್ತದೆ, ಅಂಧರಿಗೆ ಪಾಸು ಉಚಿತ. ಇಲ್ಲಿ ಆದಾಯ ಕೇಳುವುದಿಲ್ಲ. ರೈಲ್ವೆಯದು ಬೇರೆಯದೇ ವರಸೆ. ಅಲ್ಲಿ ಕೈಕಾಲಿನ ತೊಂದರೆ ಇರುವವರಿಗೂ ಬೌದ್ಧಿಕ ಅಂಗವೈಕಲ್ಯ ಇರುವವರಿಗೂ ಕೇಳುವ ಮುಖ್ಯ ಪ್ರಶ್ನೆ, ಜೊತೆಗೊಬ್ಬರು ಇಲ್ಲದೆ ಪ್ರಯಾಣ ಮಾಡಲು ಆಗುತ್ತದೆಯೋ ಇಲ್ಲವೋ. ಅದನ್ನು ರೈಲ್ವೆಯ ನಮೂನೆಯಲ್ಲಿ ವೈದ್ಯರು ಬರೆದುಕೊಟ್ಟಿರಬೇಕು. ಪೂರ್ತಿ ದೃಷ್ಟಿ ಇಲ್ಲದವರಿಗೆ ಒಂದು ಬಗೆ, ಕಿವಿ ಕೇಳದ ಮತ್ತು ಮಾತೂ ಬಾರದ, ಎರಡೂ ಇರುವವರಿಗೆ ಇನ್ನೊಂದು. ಹಳದಿ ಕಾರ್ಡು ಹಿಡಿದು ಟಿಕೆಟ್ ಕಿಟಕಿಗೆ ಹೋಗಿ ಜಗಳವಾಡಿ ಬಂದವರು ಈ ಒಂದು ಸಾಲು ಮೊದಲೇ ಓದಿದ್ದರೆ ಸಾಕಿತ್ತು.

ಸಾಧನ ಸಲಕರಣೆಗೆ, ಅಂದರೆ ಗಾಲಿಕುರ್ಚಿ, ಶ್ರವಣ ಸಾಧನ, ಕೃತಕ ಕಾಲು ಇಂಥವಕ್ಕೆ, ಕೇಂದ್ರದ ಅಡಿಪ್ ಯೋಜನೆ ಇದೆ. ಇಲ್ಲಿ ಆದಾಯ ತಿಂಗಳಿಗೆ 22,500 ರೂಪಾಯಿವರೆಗೆ ಇದ್ದರೆ ಪೂರ್ತಿ ಉಚಿತ, 30 ಸಾವಿರದವರೆಗೆ ಇದ್ದರೆ ಅರ್ಧ. ಮಾಸಾಶನ ಸಿಗದ ಮನೆಗೂ ಗಾಲಿಕುರ್ಚಿ ಸಿಗಬಹುದು ಎಂದಾಯಿತು. ಒಂದು ಕಡೆ ಆಗಲ್ಲ ಎಂದರೆಂದು ಎಲ್ಲ ಕಡೆಗೂ ಕೈಚೆಲ್ಲಬೇಡಿ. ನಿಮ್ಮ ಗ್ರಾಮ ಪಂಚಾಯಿತಿಯೂ ತನ್ನ ಸ್ವಂತ ಆದಾಯದಲ್ಲಿ ಶೇ 5ನ್ನು ವಿಕಲಚೇತನರಿಗೆಂದು ತೆಗೆದಿಡಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು "ಈ ವರ್ಷ ಆ ದುಡ್ಡು ಎಷ್ಟು, ಯಾವುದಕ್ಕೆ ಹೋಯಿತು?" ಎಂದು ಕೇಳುವುದು ನಿಮ್ಮ ಹಕ್ಕು.

ಉದ್ಯೋಗದ ಮೀಸಲಾತಿಯಲ್ಲಿ ಒಂದು ಸೂಕ್ಷ್ಮವಿದೆ. ಸರ್ಕಾರಿ ಕೆಲಸದಲ್ಲಿ ಕನಿಷ್ಠ ಶೇ 4 ಎಂದು ಕಾಯ್ದೆ ಹೇಳುತ್ತದೆ. ಅದರಲ್ಲಿ ದೃಷ್ಟಿಗೆ ಒಂದು, ಶ್ರವಣಕ್ಕೆ ಒಂದು, ಕೈಕಾಲಿನ ತೊಂದರೆ, ಕುಬ್ಜತೆ, ಆಸಿಡ್ ದಾಳಿ, ಸ್ನಾಯು ಕ್ಷೀಣತೆ ಮುಂತಾದವಕ್ಕೆ ಒಂದು, ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಬಹುವಿಧ ಅಂಗವೈಕಲ್ಯಕ್ಕೆ ಒಂದು. ಥಲಸ್ಸೇಮಿಯಾ, ಹಿಮೊಫಿಲಿಯಾ, ಸಿಕಲ್ ಸೆಲ್, ಪಾರ್ಕಿನ್ಸನ್ ಈ ಸಾಲಿನಲ್ಲಿ ಎಲ್ಲಿವೆ? ಇಲ್ಲ. 21ರ ಪಟ್ಟಿಯಲ್ಲಿವೆ, ಉದ್ಯೋಗದ ಪಟ್ಟಿಯಲ್ಲಿಲ್ಲ. ಉನ್ನತ ಶಿಕ್ಷಣದ ಶೇ 5 ಸೀಟಿನಲ್ಲಿ ಮಾತ್ರ ಶೇ 40 ದಾಟಿದ ಎಲ್ಲರಿಗೂ ಪಾಲುಂಟು. ಹಿಮೊಫಿಲಿಯಾ ಇರುವ ಹುಡುಗನೊಬ್ಬನಿಗೆ ಕಾಲೇಜು ಸೇರಿಸಿದ ಅದೇ ಕಾರ್ಡು ನೌಕರಿಗೆ ಯಾಕೆ ಬರುವುದಿಲ್ಲ ಎಂದು ವಿವರಿಸುವುದು ನನ್ನ ಕೆಲಸದ ಕಹಿ ಭಾಗ.

ಬಿಳಿ ಕಾರ್ಡು ಬಂದವರು ಅದನ್ನು ಮೂಲೆಗೆಸೆಯುತ್ತಾರೆ. ಹಾಗೆ ಮಾಡಬೇಡಿ. ಕೈಯಲ್ಲಿ ಬರೆಯಲಾಗದ ಒಬ್ಬ ಅಭ್ಯರ್ಥಿ, ಯುಪಿಎಸ್‌ಸಿ ಪರೀಕ್ಷೆಯಲ್ಲಿ ತನಗೆ ಬರೆದುಕೊಡುವವರನ್ನು ಕೊಡಿ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದರು. ಅದೇ ವಿಕಾಸ್ ಕುಮಾರ್ ಪ್ರಕರಣ, 2021ರ ಫೆಬ್ರವರಿ 11ರ ತೀರ್ಪು. ಶೇ 40ರ ಗೆರೆ ಮೀಸಲಾತಿಯಂಥ ಸೌಲಭ್ಯಗಳಿಗೆ, ಪರೀಕ್ಷೆಯಲ್ಲಿ ನೆರವು ಪಡೆಯಲು ಆ ಗೆರೆ ದಾಟಲೇಬೇಕೆಂದಿಲ್ಲ ಎಂದು ನ್ಯಾಯಾಲಯ ಹೇಳಿತು. ತಾರತಮ್ಯ ಮಾಡಬಾರದು, ಅಗತ್ಯ ಹೊಂದಾಣಿಕೆ ಮಾಡಿಕೊಡಬೇಕು ಎಂಬ ಕಾನೂನಿನ ಮಾತು ಶೇ 30ರವರಿಗೂ ಅನ್ವಯಿಸುತ್ತದೆ. ದುಡ್ಡು ತರದ ಕಾರ್ಡು ಪರೀಕ್ಷಾ ಕೊಠಡಿಯಲ್ಲಿ ಕೆಲಸಕ್ಕೆ ಬಂದೀತು.

ಮತ್ತೆ ಆ ತಾಯಿಯ ಹತ್ತಿರ ಬರುತ್ತೇನೆ. ಮಗನಿಗೆ ಹನ್ನೆರಡು ವರ್ಷ, ಬೌದ್ಧಿಕ ಅಂಗವೈಕಲ್ಯ, ಶೇ 50. ರಾಜ್ಯದ ಮಾಸಾಶನದ ಲೆಕ್ಕದಲ್ಲಿ 800. ನಾಡಕಚೇರಿಗೆ ಏನೇನು ಒಯ್ಯಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಎದ್ದು ಹೊರಟವರು ಕಾರ್ಡನ್ನು ಮತ್ತೆ ತಿರುಗಿಸಿ ನೋಡಿದರು.

"ಇಲ್ಲೊಂದು ತಾರೀಕು ಐತಲ್ಲ ಮೇಷ್ಟ್ರೇ, ಇದೇನು?"

ಒಳ್ಳೆಯ ಪ್ರಶ್ನೆ. ಬದಲಾಗದ ಸ್ಥಿತಿಗೆ ಕಾಯಂ ಪ್ರಮಾಣಪತ್ರ ಕೊಡುತ್ತಾರೆ, ಬದಲಾಗಬಹುದಾದದ್ದಕ್ಕೆ ಅವಧಿ ಹಾಕುತ್ತಾರೆ. ಬೌದ್ಧಿಕ ಅಂಗವೈಕಲ್ಯವಿರುವ ಮಕ್ಕಳನ್ನು 5, 10 ಮತ್ತು 18ನೇ ವಯಸ್ಸಿಗೆ ಮರುಪರೀಕ್ಷೆ ಮಾಡಬೇಕು, ಕಲಿಕಾ ನ್ಯೂನತೆಯವರನ್ನು 14 ಮತ್ತು 18ಕ್ಕೆ. 18ಕ್ಕೆ ಕೊಟ್ಟದ್ದು ಜೀವನಪರ್ಯಂತ. ಆ ತಾರೀಕು ಬರುವ ಮೊದಲೇ ಮತ್ತೆ ಅರ್ಜಿ ಹಾಕಬೇಕು, ಅದು ಮುಗಿದರೆ ಅದನ್ನು ನಂಬಿಕೊಂಡಿರುವ ಸೌಲಭ್ಯಗಳಿಗೂ ಕುತ್ತು ಬರುತ್ತದೆ.

"ಹದಿನೆಂಟಾದ ಮೇಲೆ ಸಹಿ ಯಾರು ಹಾಕೋದು? ಇವನಿಗೆ ಬರಲ್ಲ."

ಇದನ್ನು ಕೇಳಿದವರು ಬಹಳ ಕಡಿಮೆ. ಮಗ ಹದಿನೆಂಟು ದಾಟಿದ ದಿನ ಕಾನೂನಿನ ಕಣ್ಣಲ್ಲಿ ಅವನು ದೊಡ್ಡವನು, ತಾಯಿ ತಾಯಿಯೇ ಆದರೂ ಪೋಷಕಿಯ ಅಧಿಕಾರ ಮುಗಿಯುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಮತ್ತು ಬಹುವಿಧ ಅಂಗವೈಕಲ್ಯ ಇರುವವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಬಹುದು. ಪ್ರತಿ ಜಿಲ್ಲೆಯಲ್ಲೂ ಇದಕ್ಕೊಂದು ಸ್ಥಳೀಯ ಸಮಿತಿ ಇದೆ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. ತಂದೆ ತಾಯಿ ಅಥವಾ ಹತ್ತಿರದ ಸಂಬಂಧಿಕರು ಅರ್ಜಿ ಹಾಕಬೇಕು. ಇದೇ ನಾಲ್ಕು ಬಗೆಯವರಿಗೆ ನಿರಾಮಯ ಎಂಬ ಆರೋಗ್ಯ ವಿಮೆಯೂ ಇದೆ, ಒಂದು ಲಕ್ಷ ರೂಪಾಯಿವರೆಗೆ. ಅದನ್ನು ಪಡೆಯಲು ಹದಿನೆಂಟರವರೆಗೆ ಕಾಯಬೇಕಿಲ್ಲ, ಈಗಲೇ ಮಾಡಿಸಬಹುದು ಎಂದೆ.

ಇನ್ನೂ ಆರು ವರ್ಷ. ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ ಎಂದರೆ, ಅದು ಪ್ರತಿ ವರ್ಷ ಬದಲಾಗುತ್ತದಲ್ಲ ಎಂದರು. ಸ್ವಲ್ಪ ಯೋಚಿಸಿ, ಡೇರಿಗೆ ಹಾಕಿದ ಹಾಲಿನ ಲೆಕ್ಕ ಗೀಚುವ ಅಡುಗೆಮನೆ ಬಾಗಿಲ ಹಿಂದೆ ಬರೆದಿಡುತ್ತೇನೆ, ಅದನ್ನು ಯಾರೂ ಅಳಿಸುವುದಿಲ್ಲ ಎಂದರು. ತಾರೀಕನ್ನು ದೊಡ್ಡ ಅಂಕಿಯಲ್ಲಿ ಇನ್ನೊಂದು ಚೀಟಿಯಲ್ಲಿ ಬರೆದುಕೊಟ್ಟೆ. ಅದು ಪರ್ಸಿನೊಳಗೆ ಹೋಯಿತು, ಪರ್ಸು ಚೀಲದೊಳಗೆ, ಆ ಚೀಲ ಜವಳಿ ಅಂಗಡಿಯ ಚೀಲದೊಳಗೆ. ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾಡಕಚೇರಿಗೆ ಈಗಲೇ ಹೋಗುತ್ತೇನೆ ಎಂದು ಮಗನ ಕೈ ಹಿಡಿದುಕೊಂಡು ಹೊರಟರು.